ಹೊತ್ತು ನೋಡಿ ಗವಾಕ್ಷಿ ತೆಗೆದವನು

ಎಲ್ಲರಿಗೂ ನಮಸ್ಕಾರ. ಮುಂದೆ ಕೂತಿರುವ ಬೊಮ್ಮಪ್ಪನ ಮಡದಿ ಜಯಕ್ಕ, ಮಗ ಕಿರಣ್‌ಕುಮಾರ್, ಮಿಡಿಗೇಶಿಯ ಹಿರಿಯರೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಇದ್ದ ಕೆಲಸ ಬಿಟ್ಟು ಬಂದಿರುವ ಗಾರೆ ಕೆಲಸದ ಅಣ್ಣತಮ್ಮಂದಿರೇ — ನಿಮ್ಮಲ್ಲಿ ಕೆಲವರ ಕೈಗೆ ಸಿಮೆಂಟು ಇನ್ನೂ ಅಂಟಿಕೊಂಡಿರುವುದು ಇಲ್ಲಿಂದಲೇ ಕಾಣುತ್ತಿದೆ. ಇರಲಿ. ಬೊಮ್ಮಪ್ಪನ ಶ್ರದ್ಧಾಂಜಲಿ ಸಭೆಗೆ ಹೀಗೆ ಬಂದರೇ ಚೆಂದ.

ನನ್ನ ಹೆಸರು ನಾಗಭೂಷಣ್. ಮಧುಗಿರಿಯಲ್ಲಿ ಮನೆ ನಕ್ಷೆ ಬರೆಯುವವನು. ನಾನು ಕಾಗದದ ಮೇಲೆ ಎಳೆದ ಗೆರೆಗಳನ್ನು ಇಪ್ಪತ್ತೇಳು ವರ್ಷ ಗೋಡೆ ಮಾಡಿ ನಿಲ್ಲಿಸಿದವನು ಬೊಮ್ಮಪ್ಪ. ಎಷ್ಟೋ ಸಲ ನನ್ನ ಗೆರೆಯನ್ನು ಅಳಿಸಿ, ತನಗೆ ಸರಿ ಕಂಡ ಕಡೆ ನಿಲ್ಲಿಸಿದ್ದೂ ಉಂಟು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ — ನನಗಿಂತ ಎರಡು ವರ್ಷ ದೊಡ್ಡವನು, ಆದರೂ ನಾನು ಏಕವಚನದಲ್ಲೇ ಕರೆದೆ, ಅವನು ನನ್ನನ್ನು 'ಸಾರ್' ಅಂತಲೇ ಕರೆದ. ಈವತ್ತು ಒಮ್ಮೆಲೇ 'ಬೊಮ್ಮಪ್ಪನವರು' ಅನ್ನಲು ಹೋದರೆ ನಾಲಿಗೆ ತೊಡರುತ್ತದೆ. ಮನೆಯವರು ಮನ್ನಿಸಬೇಕು.

ನಮ್ಮ ಕಡೆಯ ಹಳೇ ಮನೆಗಳು ನಿಮಗೆಲ್ಲ ಗೊತ್ತು. ಮಣ್ಣಿನ ಮಾಳಿಗೆ. ಈಚೆ ಗೋಡೆ ನಮ್ಮದು, ಆಚೆ ಗೋಡೆ ಪಕ್ಕದವರದು. ಕಿಟಕಿ ಇಡೋಣ ಅಂದರೆ ಅವರ ಅಡುಗೆಮನೆಗೆ ಬಾಯಿ ತೆರೆಯುತ್ತದೆ. ಹಾಗಾಗಿ ನಡುವಿನ ಕೋಣೆ — ಅಲ್ಲಿ ಹಗಲು ಹನ್ನೆರಡಕ್ಕೂ ಕತ್ತಲು. ಬೆಳಕು ಬರುವುದಾದರೆ ಒಂದೇ ದಾರಿ, ಮೇಲಿನಿಂದ. ಮಾಳಿಗೆಗೆ ತೂತು ಹಾಕಿ ಗವಾಕ್ಷಿ ಇಡಬೇಕು. ಮೇಲೆ ಮೊಳದಗಲ, ಒಳಗೆ ಬರುತ್ತಾ ಬರುತ್ತಾ ಎರಡು ಮೊಳದಗಲ, ಒಳಮೈಗೆ ಸುಣ್ಣ, ಮಳೆನೀರು ನುಗ್ಗದ ಹಾಗೆ ಸುತ್ತ ಸಣ್ಣ ಕಟ್ಟೆ, ಅದರ ಮೇಲೆ ದಪ್ಪ ಗಾಜು. ಹೇಳಿದರೆ ಇಷ್ಟೇ. ಆದರೆ ತೂತು ಎಲ್ಲಿ ಹಾಕಬೇಕು? ಅದು ಗೊತ್ತಿದ್ದವನು ನಾಲ್ಕು ತಾಲ್ಲೂಕಿನಲ್ಲಿ ಇವನೊಬ್ಬ.

ನಾನು ಅವನನ್ನು ಮೊದಲು ಕಂಡಿದ್ದು ಕೊಳಾಲದಲ್ಲಿ, ಸಣ್ಣರಂಗಯ್ಯನವರ ಮನೆಯಲ್ಲಿ. ನಾನು ಆಗ ಹೊಸಬ. ಡಿಪ್ಲೊಮಾ ಮುಗಿಸಿದ ಬಿಸಿ ಇನ್ನೂ ಆರಿರಲಿಲ್ಲ. ಟೇಪು ಹಿಡಿದು ಕೋಣೆಯ ನಟ್ಟನಡುವೆ ಗುರುತು ಹಾಕಿ, "ಇಲ್ಲಿ ಹೊಡಿ" ಅಂದೆ. ಇವನು ಹಾರೆ ಕೆಳಗಿಟ್ಟು, ಹೊತ್ತು ನೋಡಬೇಕು ಅಂದ. ಗೋಡೆಯ ಮೇಲೆ ಕ್ಯಾಲೆಂಡರ್ ಇತ್ತು. ನಾನು ಹೋಗಿ, ಹೀಗೆ ಕನ್ನಡಕ ಏರಿಸಿಕೊಂಡು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಆಮೇಲೆ ಶುರು ಮಾಡು ಅಂತ ಓದಿ ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ — ನೋಡಿ, ನಕ್ಕುಬಿಟ್ಟ.

"ರಾವುಕಾಲ ಅಲ್ಲ ಸಾರ್. ಹೊತ್ತು. ಮ್ಯಾಲೆ ಐತಲ್ಲ, ಆ ಹೊತ್ತು."

ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಎಂದು ಹುಟ್ಟಿದಾಗಿನಿಂದ ಹೇಳಿಕೊಂಡು ಬಂದವನು ನಾನು. ನಾಲ್ಕಕ್ಷರ ಓದಿದ ಮೇಲೆ ಹೊತ್ತು ಅಂದರೆ ಸೂರ್ಯ ಅನ್ನೋದೇ ಮರೆತುಹೋಗಿತ್ತು.

ಆ ದಿನ ಅವನು ಹಾರೆ ಮುಟ್ಟಲಿಲ್ಲ. ಬೆಳಗಿನಿಂದ ಸಂಜೆವರೆಗೆ ಆ ಕತ್ತಲೆ ಕೋಣೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತ. ಮಧ್ಯೆ ಮಧ್ಯೆ ಮಾಳಿಗೆ ಹತ್ತಿ ನೆರಳು ನೋಡಿ ಬಂದ. ಯಜಮಾನರನ್ನು ಒಂದು ಮಾತೂ ಕೇಳಲಿಲ್ಲ. ಅವರ ಸೊಸೆಯನ್ನು ಕರೆದು, ಬೆಳಿಗ್ಗೆ ಎದ್ದು ಈ ಕೋಣೆಯಲ್ಲಿ ಏನು ಮಾಡ್ತೀಯಮ್ಮ, ಎಷ್ಟೊತ್ತಿಗೆ ಮಾಡ್ತೀಯ, ಯಾವ ಕಡೆ ಮುಖ ಮಾಡಿ ಕೂರ್ತೀಯ ಅಂತ ಕೇಳಿದ. ಅಷ್ಟೇ ಅವನ ವಿದ್ಯೆ. ಕೋಣೆಯಲ್ಲಿ ಬದುಕುವವರು ಯಾರು, ಅವರ ಕೆಲಸದ ಹೊತ್ತು ಯಾವುದು — ಬೆಳಕು ಅಲ್ಲಿ, ಆ ಹೊತ್ತಿಗೆ ಬೀಳಬೇಕು. ತಮಾಷೆ ಏನೆಂದರೆ, ಊರವರ ಹೊತ್ತನ್ನೆಲ್ಲ ಇಷ್ಟು ಲೆಕ್ಕ ಹಾಕುತ್ತಿದ್ದ ಮನುಷ್ಯ ಒಂದು ದಿನವೂ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಬಂದವನಲ್ಲ. ನಗುತ್ತಿದ್ದೀರಿ. ನಿಮ್ಮನ್ನೂ ಕಾಯಿಸಿದ್ದಾನೆ ಅಂತಾಯಿತು.

ಪಾವಗಡದಲ್ಲಿ ಶಂಕರಲಿಂಗಪ್ಪನವರು ಅಂತ, ದಿನಸಿ ಅಂಗಡಿಯವರು. ಬಂದವರಿಗೆ ತಮ್ಮ ತಂದೆಯ ಫೋಟೋ ಕಾಣಬೇಕು, ಬೆಳಕು ಅದರ ಮೇಲೇ ಬೀಳಬೇಕು ಅಂತ ಹಟ. ಆಯ್ತು ಸ್ವಾಮಿ, ಆಯ್ತು ಸ್ವಾಮಿ ಅಂದುಕೊಂಡೇ ಇವನು ಮನೆಯ ಹೆಂಗಸರು ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ಮೂಲೆಯ ಮೇಲೆ ಗವಾಕ್ಷಿ ತೆಗೆದ. ಅವರು ತೆಲುಗು, ಕನ್ನಡ ಎರಡರಲ್ಲೂ ಬೈದರು. ನಕ್ಷೆ ಬರೆದ ತಪ್ಪಿಗೆ ನನಗೂ ಅರ್ಧ ಪಾಲು ಸಿಕ್ಕಿತು. ತಿಂಗಳು ಬಿಟ್ಟು ಅವರೇ ಫೋನು ಮಾಡಿ, ಮೂವತ್ತು ವರ್ಷದಲ್ಲಿ ಮೊದಲ ಸಲ ಅನ್ನದಲ್ಲಿ ಕಲ್ಲು ಸಿಕ್ಕಲಿಲ್ಲ ಅಂದರು. ತಂದೆಯ ಫೋಟೋವನ್ನು ಆ ಮೂಲೆಗೇ ತಂದು ಹಾಕಿಕೊಂಡರಂತೆ.

ತಪ್ಪೇ ಮಾಡಲಿಲ್ಲ ಅಂತಲ್ಲ. ಗೊರವನಹಳ್ಳಿ ಹತ್ತಿರ ಒಂದು ಮನೆಯಲ್ಲಿ ಚಳಿಗಾಲದ ಹೊತ್ತು ನೋಡಿ ತೂತು ಹಾಕಿದ. ಬೇಸಿಗೆ ಬಂತು, ಬಿಸಿಲು ಸರಿದು ನೇರ ಹಾಲಿನ ಪಾತ್ರೆ ಮೇಲೆ ಕೂತಿತು. ದಿನಾ ಹಾಲು ಒಡೆಯುವುದು. ಮನೆಯವರು ಯಾರದೋ ಕಣ್ಣು ಬಿದ್ದಿದೆ ಅಂತ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟಿದ್ದರು. ಇವನು ಹೋಗಿ ಎರಡೂ ಮನೆಯವರನ್ನು ಕೂರಿಸಿಕೊಂಡು, ಕಣ್ಣು ಯಾರದೂ ಅಲ್ಲ, ನಂದೇ ಅಂತ ಒಪ್ಪಿಕೊಂಡು ಬಂದ. ತಪ್ಪು ಒಪ್ಪಿಕೊಳ್ಳುವುದು ಅವನಿಗೆ ಅಷ್ಟು ಸಲೀಸು.

ನನಗೆ ಅದು ಸಲೀಸಲ್ಲ. ಅದಕ್ಕೇ — ಈಗ ಹೇಳಬೇಕಾದ್ದು ಹೇಳುತ್ತೇನೆ. ಒಂದು ಲೋಟ ನೀರು ಕೊಡಿ.

ನಮ್ಮ ತಾಯಿ ದಾಕ್ಷಾಯಣಮ್ಮ. ಮಧುಗಿರಿ ಕೋಟೆ ಬೀದಿಯ ನಮ್ಮ ಹಳೇ ಮನೆಯಲ್ಲಿ, ನಡುವಿನ ಕೋಣೆ ಅವರದು. ಎಪ್ಪತ್ತರ ಹೊತ್ತಿಗೆ ಅವರ ಎರಡೂ ಕಣ್ಣು ಹೋದವು. ನರ ಒಣಗಿದೆ, ಇನ್ನು ಬರುವುದಿಲ್ಲ ಅಂದರು ಡಾಕ್ಟರು. ಆವತ್ತಿನಿಂದ ಅಮ್ಮನಿಗೆ ಒಂದೇ ಪ್ರಶ್ನೆ. ಹೊತ್ತೆಷ್ಟಾಯ್ತು? ಹೊತ್ತೆಷ್ಟಾಯ್ತು? ದಿನಕ್ಕೆ ಇಪ್ಪತ್ತು ಸಲ. ನಾನು ಗದರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಗದರುತ್ತಿದ್ದೆ. ಒಂದು ದಿನ ಊಟ ಮಾಡಿ ಮಲಗಿ ಎದ್ದವರು ಬೆಳಗಾಯಿತು ಅಂದುಕೊಂಡು, ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಬೆಳಗಿನ ಲಿಂಗಪೂಜೆಗೆ ಕೂತುಬಿಟ್ಟಿದ್ದರು. ಮಧ್ಯಾಹ್ನ ಮೂರು ಗಂಟೆ. ಪೂಜೆ ಅರ್ಧವಾದ ಮೇಲೆ ಹೊರಗೆ ಸ್ಕೂಲು ಬಿಟ್ಟ ಮಕ್ಕಳ ಗಲಾಟೆ ಕೇಳಿಸಿತು. ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅತ್ತರು.

ಬೊಮ್ಮಪ್ಪ ಆಗ ನಮ್ಮ ಬಚ್ಚಲುಮನೆ ಕೆಲಸಕ್ಕೆ ಬರುತ್ತಿದ್ದ. ಇದನ್ನು ನೋಡಿದ. ಸಂಜೆ ನನ್ನ ಹತ್ತಿರ ಬಂದು, ಅಮ್ಮಾವ್ರ ಕೋಣೆಗೆ ಒಂದು ಗವಾಕ್ಷಿ ಇಡೋಣ ಅಂದ. ನಾನು ಏನಂದೆ ಗೊತ್ತೆ? — ಜನರ ಮುಂದೆ ಹೇಳುವ ಮಾತಲ್ಲ, ಆದರೂ ಹೇಳುತ್ತೇನೆ — "ಕಣ್ಣೇ ಇಲ್ಲದವರಿಗೆ ಬೆಳಕು ಯಾಕೋ?" ಅಂದೆ.

ಅವನು ತಲೆಗೆ ಸುತ್ತಿದ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಬೆಳಕು ಬ್ಯಾಡ ಬುಡಿ ಸಾರ್. ಅಮ್ಮಾವ್ರು ಬೆಳಕು ಎಲ್ಲಿ ಕೇಳ್ತಾವ್ರೆ? ಹೊತ್ತು ಕೇಳ್ತಾವ್ರೆ."

ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೋ, ಅರ್ಥ ಮಾಡಿಕೊಳ್ಳುವ ಮನಸ್ಸು ಇರಲಿಲ್ಲವೋ. ಅಜ್ಜನ ಕಾಲದ ಮಾಳಿಗೆ, ಒಡೆದರೆ ಸೋರುತ್ತದೆ, ಸುಮ್ಮನಿರು ಅಂತ ಬೈದು ಕಳಿಸಿದೆ. ಊರಿನ ಮನೆಗಳಿಗೆಲ್ಲ ಗವಾಕ್ಷಿ ಬರೆದುಕೊಟ್ಟ ನಾನು, ನನ್ನ ಹೆತ್ತವಳ ಕೋಣೆಗೆ ಬೇಡ ಅಂದೆ.

ಅದಾಗಿ ಹದಿನೈದು ದಿನಕ್ಕೆ ನಾನು ಯಾವುದೋ ತರಬೇತಿ ಅಂತ ಮೂರು ದಿನ ತುಮಕೂರಿಗೆ ಹೋದೆ. ನನ್ನ ಹೆಂಡತಿ ಲೋಹಿತಾ ಇಲ್ಲೇ ಕೂತಿದ್ದಾಳೆ. ಅವಳು ಬೊಮ್ಮಪ್ಪನಿಗೆ ಹೇಳಿಕಳಿಸಿದಳು. ಮಾಳಿಗೆ ರಿಪೇರಿ ಅಂತ ಹೇಳಿ ಅಮ್ಮನನ್ನು ಮೂರು ದಿನ ಪಡಸಾಲೆಯಲ್ಲಿ ಇರಿಸಿಕೊಂಡರಂತೆ. ನಾನು ವಾಪಸು ಬಂದಾಗ ಸುಮಾರು ಹನ್ನೊಂದೂವರೆ. ಬೀದಿಯಿಂದಲೇ ನೋಡಿದೆ, ನಮ್ಮ ಮಾಳಿಗೆ ಮೇಲೆ ಇವನು ಗಾರೆ ಬಳಿಯುವ ಕರಣೆ ಹಿಡಿದು ಕೂತಿದ್ದ. ಮೈಯೆಲ್ಲ ಉರಿದುಹೋಯಿತು. ಇವತ್ತು ಇವನಿಗೂ ನನಗೂ ಮುಗಿಯಿತು ಅಂದುಕೊಂಡೇ ಒಳಗೆ ನುಗ್ಗಿದೆ.

ಅಮ್ಮನನ್ನು ಆಗಷ್ಟೇ ಕೋಣೆಗೆ ತಂದು ಕೂರಿಸಿದ್ದರು. ಗಾಜು ಇನ್ನೂ ಹಾಕಿರಲಿಲ್ಲ. ಮೊರದಷ್ಟಗಲ ಬಿಸಿಲು ಅಮ್ಮನ ಮಡಿಲಲ್ಲಿ ಬಿದ್ದಿತ್ತು. ಅಮ್ಮ ಎರಡೂ ಕೈಯನ್ನು — ಹೀಗೆ — ಆ ಬಿಸಿಲಲ್ಲಿ ತಿರುಗಿಸಿ ತಿರುಗಿಸಿ ಹಿಡಿಯುತ್ತಿದ್ದರು. ಬಾಗಿಲಲ್ಲಿ ನನ್ನ ಹೆಜ್ಜೆ ಸದ್ದು ಗುರುತಿಸಿ ಮುಖ ಎತ್ತಿದರು.

"ಹನ್ನೆರಡಾಗ್ತಾ ಬಂತು ಅಲ್ವೇನೋ? ಹೊತ್ತು ನೆತ್ತಿಗೆ ಬರ್ತಾ ಐತೆ. ಇದನ್ನ ತೆಗೆಸ್ದೋನು ನೀನೇನಾ?"

ನಾನು, "ಹೂಂ ಅಮ್ಮ, ನಾನೇ," ಅಂದೆ.

ಯಾಕೆ ಅಂದೆ? ಹದಿನೈದು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಅಮ್ಮನ ಮುಖ ಅಷ್ಟು ಗೆಲುವಾಗಿ ನೋಡಿ ಎಷ್ಟೋ ಕಾಲವಾಗಿತ್ತು. ಆ ಗೆಲುವು ನನ್ನಿಂದ ಬಂದಿದ್ದಾಗಿರಬೇಕು ಅಂತ ಆಸೆಯಾಯಿತು. ಅಮ್ಮ ನನ್ನನ್ನು ಹತ್ತಿರ ಕರೆದು, ಬಿಸಿಲಲ್ಲಿ ಬೆಚ್ಚಗಾದ ಎರಡೂ ಕೈ ತಲೆ ಮೇಲಿಟ್ಟು, ನಿನ್ನ ಕೈ ಬಂಗಾರವಾಗಲಿ, ನಿನ್ನ ಮನೆ ತಣ್ಣಗಿರಲಿ ಅಂತ ಹರಸಿದರು.

ಬಗ್ಗಿದ್ದ ನಾನು ನೆಲ ನೋಡುತ್ತಿದ್ದೆ. ಆ ಬಿಸಿಲಿನೊಳಗೆ ಒಂದು ತಲೆಯ ನೆರಳಿತ್ತು. ಟವೆಲು ಸುತ್ತಿದ ತಲೆ. ಅವನು ಮೇಲಿನಿಂದ ಬಗ್ಗಿ ನೋಡುತ್ತಿದ್ದ. ನಾವಾಡಿದ ಅಷ್ಟೂ ಮಾತು ಅವನಿಗೆ ಕೇಳಿಸಿತ್ತು. ಸ್ವಲ್ಪ ಹೊತ್ತು ಆ ನೆರಳು ಅಲುಗಲಿಲ್ಲ. ಆಮೇಲೆ ಮೆಲ್ಲಗೆ ಸರಿದುಹೋಯಿತು. ಬಿಸಿಲು ಪೂರ್ತಿ ಅಮ್ಮನ ಮೇಲೆ ಬಿತ್ತು.

ಸಂಜೆ ಗಾಜು ಕೂರಿಸಿ ಕೆಳಗಿಳಿದ. ನನಗೆ ಅವನ ಮುಖ ನೋಡುವ ಧೈರ್ಯ ಬರಲಿಲ್ಲ. ಕಾಫಿ ಕುಡಿದ, ಮಳೆಗಾಲದಲ್ಲಿ ಒಂದು ತೊಟ್ಟು ಇಳಿದರೂ ಹೇಳಿಕಳಿಸಿ ಸಾರ್ ಅಂದ, ಮಿಡಿಗೇಶಿ ಬಸ್ಸಿಗೆ ಹೊರಟ. ಅಷ್ಟೇ.

ಅಮ್ಮ ಆಮೇಲೆ ನಾಲ್ಕು ವರ್ಷ ಇದ್ದರು. ಒಂದು ದಿನವೂ ಯಾರನ್ನೂ ಹೊತ್ತು ಕೇಳಲಿಲ್ಲ. ಬಿಸಿಲು ಹಾಸಿಗೆ ಅಂಚಿಗೆ ಬಂದರೆ ಪೂಜೆ, ಮಡಿಲಿಗೆ ಬಂದರೆ ಊಟ, ಗೋಡೆ ಹತ್ತಿದರೆ ಮೊಮ್ಮಗಳು ಚೈತ್ರ ಸ್ಕೂಲಿಂದ ಬರುವ ಸಮಯ. ಕೈಚಾಚಿ ಮುಟ್ಟಿ ನೋಡಿ ಹೇಳುತ್ತಿದ್ದರು. ಮನೆಗೆ ಬಂದವರಿಗೆಲ್ಲ, ನನ್ನ ಮಗ ತೆಗೆಸಿದ್ದು ಅಂತ ಹೇಳುತ್ತಿದ್ದರು. ಬೊಮ್ಮಪ್ಪ ಪ್ರತಿ ಮಳೆಗಾಲಕ್ಕೆ ಸೋರಿಕೆ ನೋಡಲು ಬರುತ್ತಿದ್ದ. ಒಂದು ಸಲ ಅವನಿಗೇ ಹೇಳಿದರು, ನಾನು ಬಾಗಿಲಲ್ಲೇ ನಿಂತಿದ್ದೆ — "ಮಾಡ್ದೋನು ನೀನೇ ಇರ್ಬೋದು ಕಣಪ್ಪ. ಮಾಡಿಸ್ಬೇಕು ಅಂತ ಅನ್ಸಿದ್ದು ನನ್ ಮಗನಿಗೆ."

ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಹೌದು ಕಣಮ್ಮ," ಅಂದ. "ಅಂಥಾ ಮಗ ಸಿಗಾಕೆ ಪುಣ್ಯ ಮಾಡಿರ್ಬೇಕು."

ಅಮ್ಮ ಅದೇ ನಂಬಿಕೆಯಲ್ಲಿ ಲಿಂಗೈಕ್ಯರಾದರು. ಅವರಿಗೆ ನಿಜ ಹೇಳಲಿಲ್ಲ. ಹೋಗಲಿ, ಇವನಿಗಾದರೂ ತಪ್ಪಾಯಿತು ಬೊಮ್ಮಪ್ಪ ಅನ್ನಬಹುದಿತ್ತು. ಒಂದೇ ಬೈಕಿನಲ್ಲಿ ಹಿಂದೆ ಮುಂದೆ ಕೂತು ಆ ಮೇಲೂ ಎಷ್ಟು ಊರು ತಿರುಗಿದೆವು. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡೇ ಇದ್ದೆ. ಹೋದ ವಾರ ಕಿರಣ್ ಫೋನು ಮಾಡಿದ. ಅಪ್ಪ ಕೆಲಸಕ್ಕೆ ಹೊರಟವರು ಜಗಲಿಯಲ್ಲೇ ಕುಸಿದರು ಅಂದ.

ಜಯಕ್ಕ, ಇದನ್ನು ಅವನು ನಿಮ್ಮ ಹತ್ತಿರ ಯಾವತ್ತಾದರೂ ಹೇಳಿದ್ದನೇ?

— ಇಲ್ಲ ಅಂತ ತಲೆ ಆಡಿಸುತ್ತಿದ್ದೀರಿ. ಕಟ್ಟಿಕೊಂಡವಳಿಗೂ ಹೇಳಿಲ್ಲ ಪುಣ್ಯಾತ್ಮ.

ಹಾಗಾದರೆ ನಾನು ಹೇಳುತ್ತೇನೆ, ಇಷ್ಟು ಜನರ ಮುಂದೆ. ನಮ್ಮಮ್ಮ ಆವತ್ತು ಹರಸಿದ್ದು ನನ್ನನ್ನಲ್ಲ. ತಲೆ ನನ್ನದಿತ್ತು, ಅಷ್ಟೇ. ಆ ಹರಕೆ ನಿಮ್ಮ ಯಜಮಾನರದು, ನಿಮ್ಮ ಮನೆಯದು. ಕಿರಣ್, ಅದು ನಿನಗೆ ಸೇರಬೇಕು. ಇಷ್ಟು ವರ್ಷ ಇಟ್ಟುಕೊಂಡಿದ್ದಕ್ಕೆ ನನ್ನನ್ನು ಕ್ಷಮಿಸಿಬಿಡಿ.

ಈಗ ಮೌನ ಆಚರಿಸಬೇಕು ಅಂತ ಚೀಟಿ ಕೊಟ್ಟಿದ್ದಾರೆ. ಬಂಧುಗಳೇ, ಇಷ್ಟು ವರ್ಷ ನಾನೂ ಬಾಯಿ ಬಿಡಲಿಲ್ಲ, ಅವನೂ ಬಾಯಿ ಬಿಡಲಿಲ್ಲ. ನಾನು ಸುಮ್ಮನಿದ್ದದ್ದು ನನ್ನ ಮಾನ ಉಳಿಸಿಕೊಳ್ಳಲು. ಅವನು ಸುಮ್ಮನಿದ್ದದ್ದೂ ನನ್ನ ಮಾನ ಉಳಿಸಲಿಕ್ಕೇ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ, ಅವನು ಸುಮ್ಮನಿದ್ದ ಹಾಗೆ ಸುಮ್ಮನಿರೋಣ.