ಹೆಸರು ಹೇಳದೆ ಹೇಳಿದ ಕಥೆ

ಅಮೆರಿಕ ದೇಶದ ಒಂದೂರಿನಲ್ಲಿ ಒಬ್ಬ ಲೇಖಕಿ ಇದ್ದಳು. ಶ್ರೀಮಂತಳೇನಲ್ಲ, ತಾಯಂದಿರೇ. ಶಾಲೆಯಲ್ಲಿ ಪಾಠ ಹೇಳುತ್ತಾ, ಬೆಳಗಿನ ಜಾವ ಎದ್ದು, ಹತ್ತು ವರ್ಷದಲ್ಲಿ ಮೂರು ಕಾದಂಬರಿ ಬರೆದಳು. ಒಂದೂ ಓಡಲಿಲ್ಲ. "ನಿಮ್ಮ ಬರಹದಲ್ಲಿ ಜೀವ ಇಲ್ಲಮ್ಮಾ" ಅಂದುಬಿಟ್ಟ ಪ್ರಕಾಶಕ.

ಜೀವ ಎಲ್ಲಿಂದ ತರುವುದು? ನೋಡಿ, ಅವಳಿಗೊಬ್ಬ ತಂಗಿ ಇದ್ದಳು. ಬಡಿದು ಸಾಯಿಸುವ ಗಂಡನಿಂದ ತಪ್ಪಿಸಿಕೊಂಡು, ದೂರದ ಊರಿನ ಬೇಕರಿಯೊಂದರಲ್ಲಿ ಕೆಲಸ ಮಾಡಿಕೊಂಡಿದ್ದಳು. ಆ ಊರು ಗೊತ್ತಿದ್ದದ್ದು ಅಕ್ಕ ಒಬ್ಬಳಿಗೇ. ತಂಗಿ ದಿನಾ ಮಲಗುವ ಮುಂಚೆ ಬಾಗಿಲ ಹಿಡಿಗೆ ಒಂದು ತಗಡಿನ ಲೋಟ ಸಿಕ್ಕಿಸುವಳು. ಯಾಕೆ? ಯಾರಾದರೂ ಹಿಡಿ ತಿರುಗಿಸಿದರೆ ಲೋಟ ಬೀಳಬೇಕು, ಎಚ್ಚರವಾಗಬೇಕು. ಗಂಡನ ಮನೆಯಲ್ಲಿ ಕಲಿತ ಪಾಠ ಅದು. "ಅಕ್ಕಾ, ಯಾರಿಗೂ ಹೇಳಬೇಡ ಕಣೇ" ಅಂದಿದ್ದಳು.

ಅಕ್ಕ ಹೇಳಲಿಲ್ಲ. ಬರೆದಳು!

'ಹೆಸರು ಬದಲಾಯಿಸಿದ್ದೀನಲ್ಲ' ಎಂದು ತನಗೆ ತಾನೇ ಸಮಾಧಾನ. ಹೆಸರು ಬದಲಾಯಿಸಿದಳು, ಊರು ಬದಲಾಯಿಸಿದಳು, ಕೂದಲಿನ ಬಣ್ಣವನ್ನೂ ಬದಲಾಯಿಸಿದಳು. ಆದರೆ ಆ ಲೋಟ? ಬೇಕರಿಯ ಎದುರು ಸೇಬಿನ ಹಣ್ಣಿನಂತೆ ಕೆಂಪು ಬಳಿದ ನೀರಿನ ಟ್ಯಾಂಕು? ಅವೆರಡನ್ನೂ ಬಿಡಲು ಮನಸ್ಸು ಬರಲಿಲ್ಲ. ಅಷ್ಟು ಚೆನ್ನಾಗಿದ್ದವು. ಪುಸ್ತಕ ಓಡಿತು. ಪ್ರಶಸ್ತಿ ಬಂತು, ಊರೂರಲ್ಲಿ ಸಭೆ, ಸಹಿ ಹಾಕಿಸಿಕೊಳ್ಳಲು ಉದ್ದನೆಯ ಸಾಲು.

ಒಂದು ದಿನ ತಲೆ ತಗ್ಗಿಸಿ ಸಹಿ ಹಾಕುತ್ತಿದ್ದಳು. ಎದುರಿಗೆ ಒಂದು ಪುಸ್ತಕ ಬಂತು. "ಯಾರ ಹೆಸರಿಗೆ ಬರೀಲಿ?" ಎಂದು ಕೇಳಿದಳು.

ಗಂಡಸಿನ ದನಿಯೊಂದು ತಂಗಿಯ ನಿಜವಾದ ಹೆಸರು ಹೇಳಿತು.

ಪೆನ್ನು ನಿಂತಿತು. ತಲೆ ಎತ್ತಲು ಧೈರ್ಯವಿಲ್ಲ. ಎತ್ತದೆ ವಿಧಿಯಿಲ್ಲ. ಎತ್ತಿದರೆ ತಂಗಿಯ ಗಂಡ, ನಗುತ್ತಾ ನಿಂತಿದ್ದಾನೆ.

"ಲೋಟದ ವಿಷಯ ಓದಿದೆ ಅತ್ತಿಗೆ, ನನ್ನ ಹೆಂಡತೀನೇ ಅಂತ ಗೊತ್ತಾಯ್ತು. ಇನ್ನು ಕೆಂಪು ಟ್ಯಾಂಕು ಹುಡುಕೋದು ಎಷ್ಟು ಹೊತ್ತು? ಬರೀರಿ, ನಾನೇ ಕೈಯಾರೆ ಕೊಟ್ಟು ಬರ್ತೀನಿ."

ಅವನು ಅತ್ತ ಹೋದ, ಇವಳು ಇತ್ತ ಫೋನು ಹಿಡಿದಳು. ತಂಗಿ ಎತ್ತಲಿಲ್ಲ. ಪೊಲೀಸರಿಗೆ ತಿಳಿಸಿದಳು. ಮತ್ತೆ ತಂಗಿಗೆ ಮಾಡಿದಳು. ಎತ್ತಲಿಲ್ಲ. ಮೂರು ದಿನ ಅನ್ನ ನೀರಿಲ್ಲ. ಎಲ್ಲಿ ಏನು ಬಿದ್ದು ಸದ್ದಾದರೂ ಎದೆ ಧಸಕ್ಕೆನ್ನುವುದು. ನಾಲ್ಕನೆಯ ದಿನ ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ಬದುಕಿದ್ದೀನಿ ಅಕ್ಕಾ. ಬೇಕರಿ ನಡೆಸುವ ಅಜ್ಜಿ ನಿನ್ನ ಪುಸ್ತಕ ಓದಿ ನಾನೇ ಅಂತ ಗುರುತು ಹಿಡಿದರು. ಅವತ್ತೇ ಹಳೇ ಫೋನು ಬಿಸಾಡಿಸಿ ಬಸ್ಸು ಹತ್ತಿಸಿ ಕಳಿಸಿದರು."

"ಎಲ್ಲಿದ್ದೀಯೇ? ಎಲ್ಲಿದ್ದೀಯ ಹೇಳೇ!"

"ಅದನ್ನ ಇನ್ನು ನಿನಗೂ ಹೇಳಲ್ಲ ಅಕ್ಕಾ."

ಅಷ್ಟೇ. ಆ ದನಿ ಮತ್ತೆ ಕೇಳಲಿಲ್ಲ.

ಅಯ್ಯೋ ಪಾಪಿ ಅಕ್ಕ ಅಂತೀರಾ? ನಿಲ್ಲಿ, ನಿಲ್ಲಿ. ನಾವೇನು ಕಡಿಮೆಯೇ? "ಹೆಸರು ಬೇಡ ಬಿಡ್ರೀ, ನಮ್ಮ ಬೀದಿಯಲ್ಲೇ ಒಬ್ಬಳು..." ಎಂದು ನಿನ್ನೆ ತಾನೇ ಶುರು ಮಾಡಿದವರು ಯಾರು? ಹೆಸರು ಬಿಟ್ಟು ಮನೆಯ ಬಣ್ಣ, ಗೇಟಿನ ಗುರುತು, ಮಕ್ಕಳ ಶಾಲೆ, ಎಲ್ಲ ಹೇಳಿದವರು ಯಾರು? ಹಿರಿಯರು ಸುಮ್ಮನೆ ಹೇಳಲಿಲ್ಲ, ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು. ನಿಮ್ಮನ್ನು ನಂಬಿ ಒಬ್ಬಳು ನಿಮ್ಮ ಅಡುಗೆಮನೆಯಲ್ಲಿ ಕೂತು ಅತ್ತರೆ, ಆ ಅಳು ಅಲ್ಲಿಂದ ಹೊಸ್ತಿಲು ದಾಟಬಾರದು. ಗಂಡನಿಗೂ ಬೇಡ, ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ. 'ಹೆಸರು ಬೇಡ ಬಿಡಿ' ಎಂಬ ಮಾತು ನಾಲಗೆಯ ತುದಿಗೆ ಬಂತೋ, ಅಲ್ಲೇ ನುಂಗಿಕೊಳ್ಳಿ.

ನಮ್ಮೂರಿನಲ್ಲೂ ಯಾವಳೋ ಒಬ್ಬಳು ಇವತ್ತು ಬಾಗಿಲಿಗೆ ಲೋಟ ಸಿಕ್ಕಿಸಿಯೇ ಮಲಗುತ್ತಾಳೆ. ನಿಮ್ಮ ಮಾತಿನಿಂದ ಆ ಲೋಟ ಬೀಳದಿರಲಿ.