ಬಾವಿಕಟ್ಟೆ ಮಾವಿನ ಬೋಗುಣಿ

ನಗೋದಿದ್ರೆ ಈಗಲೇ ನಕ್ಕುಬಿಡಿ. ಶುರು ಮಾಡಿದ ಮೇಲೆ ಯಾರಾದ್ರೂ ಕಿಸಕ್ಕಂದ್ರೆ ನಾನು ಎದ್ದು ಹೋಗ್ತೀನಿ, ಆಮೇಲೆ ಎಷ್ಟು ಗೋಗರೆದರೂ ಬಾಯಿ ಬಿಡಲ್ಲ. ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆಗಿದ್ದು. ನನಗಿಂತ ದೊಡ್ಡವಳು, ಅಕ್ಕ ಅಂತೀನಿ. ಸುಳ್ಳು ಹೇಳೋಕೆ ಬರಲ್ಲ ಅವಳಿಗೆ. ಹೇಳಿದ್ರೂ ಮುಖದಲ್ಲೇ ಸಿಕ್ಕಿಬೀಳ್ತಾಳೆ.

ಅವತ್ತು ವರ್ಕ್‌ಶಾಪಿಗೆ ಬೀಗ ಹಾಕಿ ಮನೆಗೆ ಹೊರಟಾಗ ಹೊತ್ತಾಗಿತ್ತು. ದಾರಿಯಲ್ಲೊಂದು ಹಳೇ ಬಾವಿ. ಪಕ್ಕದಲ್ಲಿ ಹಿಂದೆ ಮಾವಿನ ಮರ ಇತ್ತು, ಈಗ ಬರೀ ಮೋಟು. ಗಾಳಿ ಇಲ್ಲ. ಒಂದು ನಾಯಿಯೂ ಕೂಗ್ತಿಲ್ಲ. ಅವಳ ಚಪ್ಪಲಿ ಸದ್ದು ಬಿಟ್ರೆ ಏನೂ ಇಲ್ಲ... ಬಾವಿ ದಾಟಿದಳೋ ಇಲ್ಲವೋ, ಹಿಂದಿನಿಂದ ಕೇಳಿಸ್ತು.

ಟಕ್... ಟಕ್ ಟಕ್.

ಬೆರಳ ಗಂಟಿನಿಂದ ಮರ ಬಡಿದ ಸದ್ದು. ಮೊದಲನೇದು ಜೋರು, ಆಮೇಲಿನೆರಡು ಮೆಲ್ಲಗೆ. ಅಕ್ಕ ತಿರುಗಿ ನೋಡಲಿಲ್ಲ. ಆ ಬಡಿತ ಯಾರದು ಅಂತ ಅವಳಿಗೆ ಗೊತ್ತಿತ್ತು. ಅವಳ ಗಂಡನದು. ಅವನು ಸತ್ತು ಆಗಲೇ ವರ್ಷ ಆಗ್ತಾ ಬಂದಿತ್ತು.

ತಾಳಿ. ಆ ಮರದ ವಿಷಯ ಹೇಳದೆ ಮುಂದೆ ಹೋದ್ರೆ ನಿಮಗೆ ಏನೂ ಅರ್ಥ ಆಗಲ್ಲ.

ಭಾವ ಮರ ಕಡೆಯೋನು. ಲೇತಿಗೆ ಮರ ಕಚ್ಚಿಸಿ, ತಿರುಗಿಸಿ, ಉಳಿ ಹಿಡಿದು ಬೋಗುಣಿ ಮಾಡ್ತಿದ್ದ. ಊಟಕ್ಕೆ ಬಳಸೋ ಬೋಗುಣಿ ಅಲ್ಲ, ಮುಂದಿನ ಕೋಣೆಯಲ್ಲಿಟ್ಟು ನೋಡೋ ಅಂಥದ್ದು. ಜೊತೆಗೆ ಅವನ ತಮ್ಮ. ಎಲ್ಲರೂ ದೊಡ್ಡೋನು, ಸಣ್ಣೋನು ಅಂತಲೇ ಕರೀತಿದ್ರು. ಮದುವೆಯಾಗಿ ಬಂದ ಅಕ್ಕನೂ ಕೆಲಸ ಕಲಿತಳು. ಮೂವರೂ ಒಂದೇ ಡಬ್ಬಿ ಬಿಚ್ಚಿ ಊಟ ಮಾಡೋರು. ಸಣ್ಣೋನಿಗೆ ಬೇರೆ ಮನೆಯಾದ ಮೇಲೂ ಅವನ ಪಾಲು ಕಟ್ಟೋದನ್ನ ಅಕ್ಕ ಬಿಡಲಿಲ್ಲ.

ಬಾವಿಕಟ್ಟೆ ಮಾವು ಬಿದ್ದಾಗ ಬುಡದ ತುಂಡು ತಂದು ಎರಡು ಹೋಳು ಮಾಡಿದ್ರು. ಮಳೆಗಾಲ ಪೂರ್ತಿ ಒದ್ದೆ ಎಲೆ ಕೆಳಗೆ ಮುಚ್ಚಿಟ್ರು. ಹಾಗಿಟ್ಟರೆ ಮರಕ್ಕೆ ಬೂಷ್ಟು ಹತ್ತುತ್ತೆ. ಅದು ಒಳಗೊಳಗೇ ಹರಿದು ಕಪ್ಪು ಗೆರೆ ಬರೆಯುತ್ತೆ, ಪೆನ್ನಲ್ಲಿ ಗೀಚಿದ ಹಾಗೆ. ನೋಡೋಕೆ ಬಲು ಚಂದ. ಆದ್ರೆ ತಡ ಮಾಡಿದ್ರೆ ಮರ ಮೆತ್ತಗಾಗಿ, ಒಣಗುವಾಗ ಸೀಳು ಬಿಡುತ್ತೆ.

ಸೀಳಿದ ಮರ ಲೇತಲ್ಲಿ ಜೋರಾಗಿ ತಿರುಗಿದ್ರೆ ಸಿಡಿಯುತ್ತೆ. ನೇರ ಮುಖಕ್ಕೇ ಬರುತ್ತೆ. ಅದಕ್ಕೇ ಆ ವರ್ಕ್‌ಶಾಪಲ್ಲಿ ಒಂದು ಕಟ್ಟುಪಾಡು. ಸೀಳು ಯಾರ ಕಣ್ಣಿಗೆ ಬಿತ್ತೋ ಅವರು ಅದರ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ಗೀಟು ಎಳೀಬೇಕು. ಅಂಟು ಹಾಕಿ ತುಂಬಿದ್ರೂ ಗೀಟು ಅಳಿಸೋ ಹಾಗಿಲ್ಲ. ಗೀಟಿದ್ರೆ ಮರಕ್ಕೆ ಪಟ್ಟಿ ಬಿಗಿದು, ನಿಧಾನಕ್ಕೆ ತಿರುಗಿಸಿ, ಪಕ್ಕಕ್ಕೆ ನಿಂತು ಕೆಲಸ. ಗೀಟಿಲ್ಲ ಅಂದ್ರೆ ಎದುರಿಗೇ ನಿಲ್ಲಬಹುದು. ಭಾವ ಎಲ್ಲಾ ಮರಾನೂ ಹಾಗೇ ಮೂರು ಸಲ ಬಡಿದು ಕಿವಿಗೊಡ್ತಿದ್ದ, ನಿಜ. ಆದ್ರೆ ಬೂಷ್ಟು ಹತ್ತಿದ ಮರ ಎಲ್ಲೇ ಬಡಿದ್ರೂ ಡಬ್ ಅಂತಲೇ ಅನ್ನೋದು. ಅದರಲ್ಲಿ ಕಿವಿ ನಂಬೋಕಾಗಲ್ಲ, ಗೀಟನ್ನೇ ನಂಬಬೇಕು.

ಮೊದಲ ಹೋಳು ಲೇತಿಗೆ ಕಚ್ಚಿಸಿದ ದಿನ ಭಾವ ಎದುರಿಗೆ ನಿಂತಿದ್ದ... ಆಮೇಲಿಂದು ವರ್ಣಿಸೋದು ಬೇಡ ಬಿಡಿ.

ಚೂರುಗಳನ್ನೆಲ್ಲ ಗುಡಿಸಿ ಸುಟ್ಟಿದ್ದು ಸಣ್ಣೋನೇ. ಬಂದವರೆಲ್ಲರ ಮುಂದೆ ಗೊಳೋ ಅಂತ ಅತ್ತ. ಗೀಟು ಹಾಕಿದ್ದೆ, ಅಣ್ಣ ನೋಡ್ಲೇ ಇಲ್ಲ, ಯಾವಾಗಲೂ ಆತುರ ಅವನಿಗೆ ಅಂದ. ಜನರಿಗೆ ಅಷ್ಟು ಸಾಕಾಯ್ತು. ಕೈಯಾರೆ ಪ್ರಾಣ ಕಳ್ಕೊಂಡ ಅಂತ ಮಾತಾಯ್ತು. ಅಕ್ಕನೂ ನಂಬಿದಳು, ಏನು ಮಾಡ್ತಾಳೆ? ಅತ್ತಿದ್ದಕ್ಕಿಂತ ಬೈದಿದ್ದೇ ಹೆಚ್ಚು. ರಾತ್ರಿಯೆಲ್ಲ ಗೋಡೆ ಕಡೆ ತಿರುಗಿ ಸತ್ತ ಗಂಡನಿಗೆ ಬೈಯೋಳು. ಒಂದು ಗೀಟು ನೋಡೋಕಾಗದೆ ನನ್ನ ನಡುನೀರಲ್ಲಿ ಬಿಟ್ಟು ಹೋದ್ಯಲ್ಲ ಅಂತ. ಅವನಂಥ ಜೋಪಾನಗಾರ ಗೀಟು ಹೇಗೆ ನೋಡಲಿಲ್ಲ ಅನ್ನೋದು ಮಾತ್ರ ಅವಳ ಗಂಟಲಲ್ಲಿ ಮುಳ್ಳಾಗಿ ಉಳೀತು.

ವರ್ಷ ತುಂಬೋ ಹೊತ್ತಿಗೆ ಅವಳಿಗೊಂದು ಹಟ ಬಂತು. ಉಳಿದ ಹೋಳಿನಲ್ಲಿ ತಾನೇ ಬೋಗುಣಿ ಕಡೆದು ಮುಂದಿನ ಕೋಣೆಯಲ್ಲಿ ಇಡಬೇಕು ಅಂತ. ಸಣ್ಣೋನು ಬೇಡ ಅಂದ. ಅಪಶಕುನದ ಮರ, ಒಲೆಗೆ ಹಾಕು ಅಂದ. ಅಕ್ಕ ಕೇಳಲಿಲ್ಲ. ಹೋಳನ್ನ ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲೂ ಗೀಟಿಲ್ಲ. ಆದ್ರೂ ಅವನನ್ನ ಕೇಳಿಯೇ ಕೇಳಿದಳು.

"ಇದರಲ್ಲಿ ಸೀಳಿದ್ಯಾ?"

"ಗೀಟಿಲ್ಲವಲ್ಲ ಅತ್ತಿಗೆ," ಅಂದ.

ಅಷ್ಟೇ ಅಂದಿದ್ದು. ಅಕ್ಕ ಆ ಸಂಜೆ ಹೋಳನ್ನ ಲೇತಿಗೆ ಕಚ್ಚಿಸಿದಳು. ಬೆಳಿಗ್ಗೆ ಬಂದು ಶುರು ಮಾಡೋಣ ಅಂತ ಬೀಗ ಹಾಕಿ ಹೊರಟವಳಿಗೇ ಬಾವಿ ಹತ್ರ ಆ ಬಡಿತ ಕೇಳಿಸಿದ್ದು.

ನಾನಾಗಿದ್ರೆ ಮನೆ ಕಡೆ ಓಟ ಕಿತ್ತಿರ್ತಿದ್ದೆ. ನಮ್ಮಕ್ಕ ವಾಪಸ್ ವರ್ಕ್‌ಶಾಪಿಗೆ ನಡೆದಳು. ಬೀಗ ತೆಗೆದಳು. ದೀಪ ಹಾಕೋಕೆ ಕೈ ಚಾಚಿದಳು...

ಟಕ್... ಟಕ್ ಟಕ್.

ಲೇತಿನ ಕಡೆಯಿಂದ. ದೀಪ ಹಾಕದೇ ತಡವರಿಸ್ಕೊಂಡು ಹೋಗಿ ಮರದ ಮೇಲೆ ಅಂಗೈ ಇಟ್ಟಳು. ಮರ ತಣ್ಣಗಿತ್ತು. ಆಗ ಮತ್ತೆ ಬಡಿತ... ಈ ಸಲ ಅವಳ ಅಂಗೈ ಕೆಳಗೇ. ಒಳಗಡೆಯಿಂದ.

ಆದ್ರೂ ಕೈ ತೆಗೀಲಿಲ್ಲ. ಇನ್ನೊಂದು ಕೈಯಿಂದ ಟಾರ್ಚ್ ಹಚ್ಚಿ ಬೆಳಕು ಬಿಟ್ಟಳು. ಅಂಗೈ ಇದ್ದ ಕಡೆ ಒಂದು ಕಪ್ಪು ಗೆರೆ. ಬೂಷ್ಟು ಬರೆದ ಉಳಿದ ಗೆರೆಗಳ ಹಾಗೇ ಇತ್ತು, ಚೂರು ದಪ್ಪ ಅಷ್ಟೇ. ಚಾಕು ತಂದು ಕೆರೆದಳು. ಬೂಷ್ಟಿನ ಗೆರೆಯಾದ್ರೆ ಕೆರೆದ್ರೂ ಮರವೇ. ಇದು ಸರ್ ಅಂತ ಪುಡಿಯಾಗಿ ಉದುರ್ತು. ಮೂಗಿಗೆ ಹಿಡಿದಳು. ಕಾಫಿಪುಡಿ. ಅಂಟಿನಲ್ಲಿ ಕಾಫಿಪುಡಿ ಕಲಸಿ ಸೀಳಿಗೆ ಮೆತ್ತಿ, ಕಪ್ಪು ಗೆರೆಗಳ ನಡುವೆ ಅದನ್ನೂ ಒಂದು ಗೆರೆ ಮಾಡಿಟ್ಟಿದ್ರು. ಚಾಕುವಿನ ಅಲಗು ಹಿಡಿಯವರೆಗೂ ಒಳಗೆ ಹೋಯ್ತು.

ಬಾಗಿಲ ಹತ್ರ ಯಾರೋ ಉಸಿರೆಳೆದ ಸದ್ದು. ಟಾರ್ಚ್ ತಿರುಗಿಸಿದ್ರೆ ಸಣ್ಣೋನು.

"ನೀನಾ ಇದನ್ನ ತುಂಬಿದ್ದು?" ಪಿಸುಗುಟ್ಟಿದಳು.

"ಚಂದದ ಮರ ಅತ್ತಿಗೆ... ಅಷ್ಟು ದೊಡ್ಡ ಸೀಳು ಅಂತ ಗೊತ್ತಾದ್ರೆ ಅಣ್ಣ ಒಲೆಗೆ ಹಾಕ್ತಿದ್ದ."

"ಗೀಟು?"

"ಅಳಿಸಿದೆ."

"ಅವನ ಹೋಳಿಂದೂ?"

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅಕ್ಕನಿಗೆ ಉತ್ತರ ಸಿಕ್ತು. ವರ್ಷಪೂರ್ತಿ ತಾನು ಬೈದ ಬೈಗುಳವೆಲ್ಲ ತಿರುಗಿ ತನ್ನ ಮೇಲೇ ಬಿದ್ದ ಹಾಗಾಯ್ತಂತೆ.

"ನಾಳೆ ನಾನೂ ಎದುರಿಗೆ ನಿಲ್ತಿದ್ದೆ. ಕೇಳಿದ್ನಲ್ಲೋ ನಿನ್ನ."

"ಹೇಳಿದ್ರೆ ಅಣ್ಣಂದೂ ಹೇಳಬೇಕಾಗ್ತಿತ್ತು ಅತ್ತಿಗೆ."

ಕೇಳಿದ್ರಾ? ಅದನ್ನ ಮುಚ್ಚಿಡೋಕೆ ಇವಳ ಪ್ರಾಣ ಹೋದ್ರೂ ಸರಿ. ತನ್ನ ಕೈಯಾರೆ ಡಬ್ಬಿ ಕಟ್ಟಿದವಳ ಪ್ರಾಣ. ಮರ ಎತ್ಕೊಂಡು ಹೋಗಿ ಸುಡೋಕೆ ಬಂದಿದ್ದೆ, ನಿನ್ನ ಉಳಿಸೋಕೇ ಬಂದಿದ್ದೆ ಅಂತ ಅವನು ಆಮೇಲೆ ಹೇಳ್ಕೊಂಡ. ಇರಬಹುದು. ಉಳಿಸೋನು ಸಂಜೆನೇ ಬಾಯಿ ಬಿಡ್ತಿದ್ದ ಅಂತೀನಿ ನಾನು.

ಆಗ ಇನ್ನೊಂದು ಸಲ ಬಡಿತ ಕೇಳಿಸ್ತು. ಮರದೊಳಗಿಂದ ಅಲ್ಲ. ಬಾಗಿಲ ಚೌಕಟ್ಟಿನಲ್ಲಿ, ಸಣ್ಣೋನ ಕಿವಿ ಪಕ್ಕ. ಅವನು ಕತ್ತಲಲ್ಲಿ ಹೋಗಿಬಿಟ್ಟ.

ಮಾರನೇ ದಿನ ಅಕ್ಕ ಅವನನ್ನ ಮನೆಗೆ ಕರೆಸಿ, ದೊಡ್ಡವರೆಲ್ಲರ ಮುಂದೆ ಬಾಯಿ ಬಿಡಿಸಿದಳು. ನಾನೂ ಇದ್ದೆ ಅಲ್ಲಿ. ಭಾವನ ಹೆಸರಿಗೆ ಅಂಟಿದ್ದ ಮಸಿ ಹೋಯ್ತು. ಆಮೇಲೆ ಸೀಳಿನ ಅಂಟೆಲ್ಲ ಕೆರೆದು, ಪಟ್ಟಿ ಬಿಗಿದು, ಪಕ್ಕಕ್ಕೆ ನಿಂತು, ನಿಧಾನಕ್ಕೆ ಅದೇ ಹೋಳಿನಲ್ಲಿ ಬೋಗುಣಿ ಕಡೆದಳು. ಸೀಳು ತುಂಬಲಿಲ್ಲ, ಹಾಗೇ ಬಿಟ್ಟಳು. ಬೆರಳು ತೂರುತ್ತೆ ಅದರಲ್ಲಿ. ಬಂದವರು ಇದನ್ಯಾಕೆ ಮುಚ್ಚಿಲ್ಲ ಅಂತಾರೆ.

ಸಣ್ಣೋನು ಕೆಲಸವನ್ನೇ ಬಿಟ್ಟ. ಈಗ ಪ್ಲಾಸ್ಟಿಕ್ ಬಕೆಟ್ಟು, ಮಗ್ಗು ಮಾರ್ತಾನೆ. ಅವನ ಮನೆಯಲ್ಲಿ ಉಳಿ ಇಲ್ಲ, ಮರದ ತುಂಡಿಲ್ಲ, ಮಂಚ ಕೂಡ ಕಬ್ಬಿಣದ್ದು. ಆದ್ರೆ ಅವನ ಹೆಂಡತಿ ದಿನಾ ಬೆಳಿಗ್ಗೆ ಕಸ ಗುಡಿಸುವಾಗ, ಅವನು ಮಲಗೋ ಕಡೆ ಮಂಚದ ಕೆಳಗೆ ಒಂದು ಹಿಡಿ ಮರದ ಸಿಪ್ಪೆ ಸಿಗುತ್ತೆ. ಉದ್ದುದ್ದ, ಸುರುಳಿ ಸುರುಳಿ, ಒದ್ದೆ. ಒಣಮರ ಕಡೆದ್ರೆ ಪುಡಿ ಬರುತ್ತೆ. ಅಂಥ ಸಿಪ್ಪೆ ಬರೋದು ಆಗತಾನೇ ಕಡಿದ ಹಸಿ ಮರದಿಂದ ಮಾತ್ರ. ನಂಬ್ತೀರೋ ಬಿಡ್ತೀರೋ, ನಾನು ಕೈಯಲ್ಲಿ ಹಿಡಿದು ನೋಡಿದ್ದೀನಿ. ಹಿಂಡಿದ್ರೆ ನೀರು ಬರ್ತಿತ್ತು. ಮಾವಿನ ಸೊನೆ ವಾಸನೆ.

ಇದನ್ನ ಕೇಳಿದಾಗ ಅಕ್ಕ ಹೆದರ್ತಾಳೆ ಅಂದ್ಕೊಂಡಿದ್ದೆ. ಅವಳಿಗೆ ಸಿಟ್ಟು ಬಂತು. ಕೊಂದವನ ಪಕ್ಕ ದಿನಾ ಬಂದು ಕೂರ್ತಾನೆ, ನನ್ನ ಹತ್ರ ಆ ಒಂದು ರಾತ್ರಿ ಬಿಟ್ರೆ ಬರಲೇ ಇಲ್ಲ ಅಂದಳು. ಹೋದ ತಿಂಗಳು ಅವಳ ಮನೆಯಲ್ಲಿ ಉಳ್ಕೊಂಡಿದ್ದೆ. ಬೆಳಗಿನ ಜಾವ ಎಚ್ಚರ ಆಯ್ತು. ಅಕ್ಕ ನೆಲದ ಮೇಲೆ ಮಂಡಿಯೂರಿ, ಟಾರ್ಚ್ ಹಿಡಿದು, ತನ್ನ ಮಂಚದ ಕೆಳಗೆ ನೋಡ್ತಿದ್ದಳು. ನಾನೂ ಬಗ್ಗಿ ನೋಡಿದೆ. ನೆಲ ಒಣಗಿತ್ತು, ಏನೂ ಇರಲಿಲ್ಲ.