ಗಾಜಿನ ಬಾಗಿಲಿಗೆ ನೀಲಿ ಪರದೆ

ನಗೋರಿದ್ರೆ ಈಗ್ಲೇ ನಕ್ಕುಬಿಡಿ. ಆಮೇಲೆ ಮಧ್ಯದಲ್ಲಿ ಎದ್ದು ಹೋಗ್ಬೇಡಿ. ನಮ್ಮ ಚಿಕ್ಕಮ್ಮನ ಮಗಳು ಜಯಲಕ್ಷ್ಮಮ್ಮ ಇದ್ದಾಳಲ್ಲ, ಜಯಕ್ಕ, ಅವಳಿಗೆ ಆಗಿದ್ದು ಇದು. ಹಾಸನದಲ್ಲಿ. ಅರವತ್ಮೂರೋ ಅರವತ್ನಾಲ್ಕೋ ಇಸವಿ.

ಸಂಕ್ರಾಂತಿ ಕಳೆದಿತ್ತು. ಅಕ್ಕ ಪೇಟೆಯಿಂದ ಬರ್ತಿದ್ಳು. ಜೊತೆಗೆ ಮನೆಗೆಲಸದ ಸಣ್ಣಕ್ಕ, ತಲೆ ಮೇಲೆ ಬಟ್ಟೆ ಗಂಟು. ಅರಕಲಗೂಡು ರಸ್ತೆ ಬಿಟ್ಟು ಕಾಲುದಾರಿಗೆ ಇಳಿದ್ರೆ ಒಂದು ಹಳೇ ಬಾವಿ. ನೀರು ಸೇದೋರಿಲ್ಲ. ರಾಟೆ ಮಾತ್ರ ಗಾಳಿಗೆ ಕೀಚ್... ಕೀಚ್... ಅಂತಿತ್ತು. ಬಾವಿ ದಾಟಿದ್ರೆ ಮನೆ ಹಿಂಭಾಗ. ಹೊತ್ತು ಮುಳುಗಿತ್ತು, ಪಡುವಣದಲ್ಲಿ ಚೂರೇ ಚೂರು ಬೆಳಕು.

ಸಣ್ಣಕ್ಕ ನಿಂತುಬಿಟ್ಳು.

"ಅವ್ವಾ... ಮನೇಲಿ ಯಾರವ್ರೆ?"

"ಯಾರೂ ಇಲ್ವಲ್ಲ. ಬೀಗ ಹಾಕಿದ್ದೀನಿ."

"ಮತ್ತೆ ಅದ್ಯಾರು?"

ಹಿಂದಿನ ಗಾಜಿನ ಬಾಗಿಲಲ್ಲಿ, ಒಳಗಡೆ, ಒಬ್ಬ ಹೆಂಗಸು ನಿಂತಿದ್ಳು. ಎರಡೂ ಅಂಗೈ ಗಾಜಿಗೆ ಊರಿಕೊಂಡು... ಹೊರಗೆ ನೋಡ್ತಾ.

"ನಮ್ಮದೇ ನೆರಳಿರ್ಬೇಕು," ಅಂದ್ಳು ಅಕ್ಕ, ಪಿಸುಮಾತಲ್ಲಿ.

"ಊಂ ಕಣವ್ವ. ನೆಳ್ಳೇ ಇರ್ಬೇಕು."

ಬೀಗ ತೆಗೆದು ಒಳಗೆ ಹೋದ್ರೆ ಯಾರೂ ಇಲ್ಲ. ಹೊರಗೆ ನಿಂತಿದ್ದು ಇಬ್ರು, ಗಾಜಲ್ಲಿ ಕಂಡಿದ್ದು ಒಬ್ಳೇ... ಇದು ಅಕ್ಕನಿಗೆ ಹೊಳೆದಿದ್ದು ಎಷ್ಟೋ ದಿನದ ಮೇಲೆ.

ಆ ಬಾಗಿಲ ವಿಷಯ ಹೇಳ್ಬೇಕು. ಕೃಷ್ಣಪ್ಪ ಭಾವ ರಸ್ತೆ ಓವರ್‌ಸಿಯರ್. ವಾರಗಟ್ಟಲೆ ಕ್ಯಾಂಪು. ಅವರು ಬಾಡಿಗೆಗೆ ಹಿಡಿದ ಮನೆ ಕಟ್ಟಿಸಿದ್ದು ಒಬ್ಬ ಕಾಫಿತೋಟದ ಸಾಹುಕಾರ. ಬೊಂಬಾಯಲ್ಲಿ ಯಾರ ಮನೇಲೋ ನೋಡ್ಕೊಂಡು ಬಂದು, ಹಜಾರದ ಹಿಂಗೋಡೆ ಇರಬೇಕಾದ ಕಡೆ ಪೂರ್ತಿ ಗಾಜಿನ ಬಾಗಿಲು ಇಡಿಸಿದ್ದ. ಕೆಳಗೆ ಕಬ್ಬಿಣದ ಹಳಿ. ಪಕ್ಕಕ್ಕೆ ತಳ್ಳಿದ್ರೆ ಗರ್‍ರ್... ಅಂತ ಜರುಗೋದು. ಊರ ಹೆಂಗಸರೆಲ್ಲ ಬಂದು ಒಂದೊಂದು ಸಲ ತಳ್ಳಿ ನೋಡಿ ಹೋದ್ರು. ಆ ಸಾಹುಕಾರ ಮಾತ್ರ ಆ ಮನೇಲಿ ಒಂದು ರಾತ್ರೀನೂ ಮಲಗಲಿಲ್ವಂತೆ. ಯಾಕೆ ಅಂತ ಇವರೂ ಕೇಳಲಿಲ್ಲ.

ಹಗಲು ಬಲು ಚೆಂದ. ಆದ್ರೆ ದೀಪ ಹಾಕಿದ್ರೆ ಹೊರಗಿನದು ಒಂದೂ ಕಾಣದು. ಗಾಜಿನ ತುಂಬ ನೀನೇ. ಹೊರಗೆ ನಿಂತೋರಿಗೆ ಮಾತ್ರ ನೀನು ಅನ್ನಕ್ಕೆ ಸಾರು ಹಾಕ್ಕೊಳ್ಳೋದೂ ಕಾಣುತ್ತೆ. ಅಕ್ಕ ಅಡುಗೆಮನೇಲೇ ಕೂತು ಉಣ್ಣೋಕೆ ಶುರು ಮಾಡಿದ್ಳು. ಕೊನೆಗೆ ಭಾವ, "ಒಂದು ಪರದೆ ತಂದ್ಬಿಡು. ತೆಳ್ಳಗಿರೋದು ತಗೊ, ಬೆಳಕು ಬರ್ಲಿ," ಅಂದು ಕ್ಯಾಂಪಿಗೆ ಹೋದ್ರು.

ಬಟ್ಟೆ ಅಂಗಡಿ ಚಂದ್ರಶೇಖರಯ್ಯನವರು ಅಳತೆ ಕೇಳಿ, "ಇದು ಬಾಗಿಲೋ ಗೋಡೆಯೋ ತಾಯಿ?" ಅಂತ ನಕ್ರು. ಬಿಳೀ ತೆಳುಬಟ್ಟೆ ಹರಡಿದ್ರು. ಹೂವಿನ ಚೀಟಿ ಬಟ್ಟೆ ಹರಡಿದ್ರು. ಅಕ್ಕ ಒಂದೊಂದನ್ನೂ ಸಣ್ಣಕ್ಕನ ಕೈಗೆ ಕೊಟ್ಟು ಮುಖದ ಮುಂದೆ ಹಿಡಿಸಿದ್ಳು. ಬಿಳೀದರಲ್ಲಿ ಕಣ್ಣು ಮೂಗು ಎಲ್ಲ ಕಂಡ್ವು. ಹೂವಿನದರಲ್ಲಿ ತಲೆ ಕಂಡಿತು. ಕೊನೆಗೆ ಒಂದು ದಪ್ಪನೆ ಕಡುನೀಲಿ...

"ಕಾಣ್ತೀನಾ ಅವ್ವ?"

"ಇಲ್ಲ ಸಣ್ಣಕ್ಕ. ನೀನು ಇದ್ದೀಯೋ ಇಲ್ವೋ ಅನ್ನೋದೂ ಗೊತ್ತಾಗಲ್ಲ. ಇದೇ ಇರ್ಲಿ."

"ಮನೆ ಕತ್ತಲಾಗುತ್ತೆ ತಾಯಿ," ಅಂದ್ರು ಚಂದ್ರಶೇಖರಯ್ಯನವರು.

"ಆಗ್ಲಿ ಬಿಡಿ."

ಜಗುಲಿ ಮೇಲಿದ್ದ ದರ್ಜಿ ಹೊಲಿದು ಕೊಡೋವರೆಗೂ ಕಾದ್ರು. ಆಮೇಲೆ ಆ ಗಂಟು ಹೊತ್ತು ಹೊರಟಿದ್ದೇ, ಮೊದಲು ಹೇಳಿದ್ನಲ್ಲ, ಆ ಬಾವಿ ದಾರಿ.

ಪರದೆ ಹಾಕಿದ್ಮೇಲೆ ಅಕ್ಕ ನೆಮ್ಮದಿಯಾಗಿದ್ಳು. ಬೇಸಿಗೆ ಬಂತು. ಮಧ್ಯಾಹ್ನದ ಬಿಸಿಲೆಲ್ಲ ಆ ಗಾಜಿಗೇ ಹೊಡೆಯೋದು. ಪರದೆ ಎಳೆದೇ ಇರ್ತಿತ್ತು.

ಒಂದು ಸಂಜೆ. ಭಾವ ಚನ್ನರಾಯಪಟ್ಟಣದಲ್ಲಿದ್ರು. ಸಣ್ಣಕ್ಕ ಮನೆಗೆ ಹೋಗಿದ್ಳು. ಕರೆಂಟು ಹೋಯ್ತು. ಅಕ್ಕ ಅಡುಗೆಮನೇಲಿ ಲಾಟೀನು ಹಚ್ಚಿದ್ಳು. ಆಗ ಕೇಳಿಸ್ತು... ಒದ್ದೆ ಕೈಯಲ್ಲಿ ಗಾಜು ಉಜ್ಜಿದ ಹಾಗೆ. ಕೀಂಯ್... ನಿಲ್ತು. ಮತ್ತೆ ಕೀಂಯ್...

ಅಡುಗೆಮನೆಗೆ ಇದ್ದಿದ್ದು ಒಂದೇ ಕಿಟಕಿ, ಅದಕ್ಕೆ ಸರಳು. ಮುಂಬಾಗಿಲಿಗೆ ಹೋಗ್ಬೇಕು ಅಂದ್ರೆ ಹಜಾರ ದಾಟ್ಬೇಕು. ಕೂಗಿದ್ರೆ ಕೇಳೋ ದೂರದಲ್ಲಿ ಮನೆ ಇಲ್ಲ. ಅಕ್ಕ ಲಾಟೀನು ಎತ್ತಿ ಹಜಾರಕ್ಕೆ ಬಂದ್ಳು.

ಪರದೆ ಒಂದು ಕಡೆ ಉಬ್ಬಿತ್ತು. ಹೆಗಲು ಗೊತ್ತಾಗ್ತಿತ್ತು... ಮೇಲೆ ತುರುಬು. ಬೆನ್ನು ಇತ್ತಕಡೆ. ಮುಖ ಗಾಜಿನ ಕಡೆ. ಇಷ್ಟು ದಿನ ಯಾರೋ ಹೊರಗಿಂದ ನೋಡ್ತಾರೆ ಅಂತ ಹೆದರಿದ್ಳಲ್ಲ... ಹೊರಗಲ್ಲ. ಗಾಜಿಗೂ ಪರದೆಗೂ ಮಧ್ಯ.

"ಬಾಗ್ಲು ತಗಿಯವ್ವ... ಉಸ್ರು ಕಟ್ತದೆ..."

ಅಕ್ಕ ಮುಂಬಾಗಿಲಿಗೆ ಓಡಿದ್ಳು. ಚಿಲಕ ಸರಿಸಿದ್ಳು. ಬಾಗಿಲು ಬರಲಿಲ್ಲ. ಎರಡೂ ಕೈಯಲ್ಲಿ ಎಳೆದ್ಳು. ಬರಲಿಲ್ಲ. ಹಿಂದೆ ಪರದೆ ನೇತುಹಾಕಿದ್ದ ಬಳೆ ಒಂದೊಂದೇ ಸರೀತಾ... ಕಿಣಿ... ಕಿಣಿ...

"ಅವಳು ಆಚೆ ಹೋದ್ರೇನೇ ನನಗೂ ದಾರಿ ಅನ್ನಿಸ್ತು ಕಣೆ," ಅಂತ ಆಮೇಲೆ ನನಗೆ ಹೇಳಿದ್ಳು.

ವಾಪಸು ಬಂದು, ಕಣ್ಣು ಮುಚ್ಚಿ, ಪರದೆ ಅಂಚಿನಿಂದ ಕೈ ತೂರಿಸಿ ಬಾಗಿಲ ಹಿಡಿ ಹುಡುಕಿದ್ಳು. ತಳ್ಳಿದ್ಳು. ಗರ್‍ರ್... ಒಂದು ಬೆರಳಷ್ಟು ಜರುಗಿ ಕಚ್ಚಿಕೊಂಡಿತು. ಅಕ್ಕನ ಕೈ ಮೇಲೆ ಇನ್ನೊಂದು ಕೈ ಬಂತು. ತಣ್ಣಗಿರಲಿಲ್ವಂತೆ. ಜ್ವರದ ಮೈ ಥರ ಸುಡ್ತಿತ್ತಂತೆ.

"ತಳ್ಳವ್ವ..."

ಇಬ್ರೂ ತಳ್ಳಿದ್ರು. ಅಷ್ಟೇ ಅವಳಿಗೆ ನೆನಪಿರೋದು.

ಬೆಳಿಗ್ಗೆ ಸಣ್ಣಕ್ಕ ಬಾವಿ ದಾಟಿ ಬಂದ್ಳು. ಬಾಗಿಲು ಮುಚ್ಚೇ ಇತ್ತು, ಗಾಜಲ್ಲಿ ಹೆಂಗಸು ನಿಂತಿದ್ಳು, ಅಂಗೈ ಊರಿಕೊಂಡು. ಓಡಿಹೋಗೋಳಿದ್ಳು, ಇನ್ನೊಂದ್ಸಲ ನೋಡಿದ್ರೆ ನಮ್ಮಕ್ಕ. ಬಾಯಿ ಆಡ್ತಿತ್ತು. ಸದ್ದಿಲ್ಲ. ಸಣ್ಣಕ್ಕ ಸುತ್ತಿಕೊಂಡು ಹೋಗಿ ಮುಂಬಾಗಿಲು ಮುಟ್ಟಿದ್ಳು. ಮುಟ್ಟಿದ್ದಕ್ಕೇ ತೆರೆದುಕೊಳ್ತು. ಒಳಗೆ ನುಗ್ಗಿ ಪರದೆ ಸರ್‍ರ್ ಅಂತ ಎಳೆದ್ಳು. ಅಕ್ಕ ಅವಳ ಮೇಲೇ ಬಿದ್ಳು.

"ಅಲ್ಲ ಕಣವ್ವ, ಬಟ್ಟೆ ಸರಿಸ್ಕೊಂಡು ಈಚೆ ಬರಬಾರ್ದಿತ್ತಾ?"

"ಬಟ್ಟೆ ಎಲ್ಲಿತ್ತು ಸಣ್ಣಕ್ಕ... ಎರಡೂ ಕಡೆ ಗಾಜೇ ಇತ್ತು."

ಅವತ್ತೇ ಬಸ್ಸು ಹತ್ತಿ ಹಳ್ಳಿಮೈಸೂರಿಗೆ, ನಮ್ಮನೆಗೆ ಬಂದ್ಳು. ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಭಾವ ಪೇಟೆ ಒಳಗೆ ಬೇರೆ ಮನೆ ಮಾಡಿದ್ರು. ಗಟ್ಟಿ ಬಟ್ಟೆ, ಯಾಕೆ ಹಾಳು ಮಾಡ್ಬೇಕು ಅಂತ ಪರದೇನ ನಮ್ಮಮ್ಮನಿಗೆ ತಂದು ಕೊಟ್ರು. ಅಮ್ಮ ಅಂಗಳದಲ್ಲಿ ಬಿಡಿಸಿ ಹಾಸಿದ್ರು. ನಾನೂ ಒಂದು ತುದಿ ಹಿಡಿದಿದ್ದೆ.

ಬೇಸಿಗೆ ಪೂರ್ತಿ ಬಿಸಿಲು ಹೊಡೆದಿತ್ತಲ್ಲ, ಗಾಜಿನ ಕಡೆ ಬಣ್ಣ ಹೋಗಿ ಬೂದಿ ಥರ ಆಗಿತ್ತು. ಒಂದು ಕಡೆ ಮಾತ್ರ, ಆಳೆತ್ತರಕ್ಕೆ, ಹೆಗಲಗಲಕ್ಕೆ, ಅಂಗಡೀಲಿ ಬಿಚ್ಚಿದಾಗ ಇದ್ದ ಹಾಗೇ ಕಡುನೀಲಿ. ಅಷ್ಟು ಜಾಗಕ್ಕೆ ಬಿಸಿಲೇ ಬಿದ್ದಿರಲಿಲ್ಲ.

ಉಳಿದಿದ್ದನ್ನ ಅಮ್ಮ ಕತ್ತರಿಸಿ ದಿಂಬಿಗೆ ಹಾಕಿದ್ರು. ಆ ಕಡುನೀಲಿ ತುಂಡು ಮಾತ್ರ ನಮ್ಮ ಅಟ್ಟದ ಮೇಲಿದೆ. ಸುಳ್ಳು ಅನ್ನೋರು ಬೆಳಿಗ್ಗೆ ಬನ್ನಿ, ತೋರಿಸ್ತೀನಿ.